ದ್ವೀಪರಾಷ್ಟ್ರದ ಕಡಲ ಕಾವಲು: ಎಣಿಸಬೇಕಾದ್ದು ಹಡಗಲ್ಲ, ದಿನ

ಮಲ್ಪೆ ದಕ್ಕೆಯಲ್ಲಿ ಹೊಸ ಆಳಸಮುದ್ರ ಬೋಟು ನೀರಿಗಿಳಿದಾಗ ನೋಡಲು ಬಂದವರು ಕೇಳುವುದು ಎರಡೇ ಪ್ರಶ್ನೆ: ಉದ್ದ ಎಷ್ಟು ಅಡಿ, ಎಂಜಿನ್ ಎಷ್ಟು ಎಚ್‌ಪಿ. ಅದನ್ನು ಓಡಿಸಬೇಕಾದ ತಾಂಡೇಲನ ಪ್ರಶ್ನೆಗಳೇ ಬೇರೆ. ಟ್ಯಾಂಕು ಡೀಸೆಲ್ ಎಷ್ಟು ಹಿಡಿಯುತ್ತದೆ, ಐಸು ಎಷ್ಟು ದಿನ ತಾಳುತ್ತದೆ, ಏಳೆಂಟು ಮಂದಿಗೆ ಕುಡಿಯುವ ನೀರು ಎಷ್ಟು ದಿನಕ್ಕೆ ಬರುತ್ತದೆ, ಗೇರ್‌ಬಾಕ್ಸ್ ಕೆಟ್ಟರೆ ಬಿಡಿಭಾಗ ಎಲ್ಲಿ ಸಿಗುತ್ತದೆ. ಹತ್ತು ದಿನ ಕಡಲಲ್ಲಿ ನಿಂತು ಮೀನು ತರುವುದು ಈ ಎರಡನೇ ಪಟ್ಟಿ ಸರಿಯಿರುವ ಬೋಟು.

ದೇಶವೊಂದು ನೌಕಾಪಡೆಯನ್ನೋ ಕೋಸ್ಟ್ ಗಾರ್ಡನ್ನೋ ಕಟ್ಟುವಾಗ ಸುದ್ದಿಯಾಗುವುದು ಮೊದಲ ಬಗೆಯ ಪ್ರಶ್ನೆಗಳು. ಎಷ್ಟು ಹಡಗು, ಎಷ್ಟು ಟನ್, ಎಷ್ಟು ಕ್ಷಿಪಣಿ. ಕಡಲನ್ನು ಕಾಯುವುದು ಮಾತ್ರ ಎರಡನೇ ಬಗೆಯವು. ಎಲ್ಲ ದೇಶಗಳಿಗೂ ಇದು ಅನ್ವಯಿಸುತ್ತದೆ, ಆದರೆ 7,641 ದ್ವೀಪಗಳ ಫಿಲಿಪ್ಪೀನ್ಸ್‌ನಂಥ, 17,000ಕ್ಕೂ ಹೆಚ್ಚು ದ್ವೀಪಗಳ ಇಂಡೋನೇಷ್ಯಾದಂಥ ದೇಶಗಳಲ್ಲಿ ಇದರ ಲೆಕ್ಕ ತಪ್ಪಿದರೆ ಹಡಗಿದ್ದೂ ಕಡಲು ಕೈಬಿಡುತ್ತದೆ. ಹೇಗೆ ಎಂಬುದನ್ನು ನೋಡುವ ಮೊದಲು ಇಂಥ ದೇಶದ ಕಡಲು ನಮ್ಮ ಕಡಲಿಗಿಂತ ಹೇಗೆ ಬೇರೆ ಎಂದು ತಿಳಿಯಬೇಕು.

ನಮ್ಮ ಕರಾವಳಿಯ ಲೆಕ್ಕ ಸುಲಭ. ದಡದ ಆಧಾರರೇಖೆಯಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿ.ಮೀ., ಪ್ರಾದೇಶಿಕ ಜಲ. 200 ನಾಟಿಕಲ್ ಮೈಲು, ಸುಮಾರು 370 ಕಿ.ಮೀ., ಮೀನು, ತೈಲದಂಥ ಸಂಪತ್ತಿನ ಹಕ್ಕು ದೇಶಕ್ಕೇ ಇರುವ ವಿಶೇಷ ಆರ್ಥಿಕ ವಲಯ (ಇಇಝಡ್). ಮಂಗಳೂರಿನ ಹಳೆ ಬಂದರಿನಿಂದ ಸಾಮಾನು ಹೊತ್ತ ಮಂಜಿಗಳು ಹೋಗುವ ಲಕ್ಷದ್ವೀಪದ ಅಮಿನಿ ಈ 370 ಕಿ.ಮೀ.ಗಿಂತ ಹತ್ತಿರದಲ್ಲೇ ಇದೆ. ಒಂದು ಕಡೆ ನೆಲ, ಒಂದು ಕಡೆ ನೀರು. ಕಾಯುವವನು ನೆಲಕ್ಕೆ ಬೆನ್ನು ಕೊಟ್ಟು ಪಶ್ಚಿಮಕ್ಕೆ ಮುಖ ಮಾಡಿ ನಿಂತರಾಯಿತು.

ದ್ವೀಪಸಮೂಹ ರಾಷ್ಟ್ರಕ್ಕೆ ಬೆನ್ನು ಕೊಡಲು ನೆಲವೇ ಇಲ್ಲ, ಸುತ್ತಲೂ ಮುಖ ಮಾಡಬೇಕು. 1957ರ ಡಿಸೆಂಬರ್ 13ರಂದು ಇಂಡೋನೇಷ್ಯಾ ತನ್ನ ದ್ವೀಪಗಳ ನಡುವಿನ ನೀರೆಲ್ಲ ತನ್ನದೇ ಎಂದು ಘೋಷಿಸಿತು. ಪ್ರಧಾನಿ ಜುವಾಂಡಾ ಹೆಸರಿನಲ್ಲಿ ಪ್ರಸಿದ್ಧವಾದ ಆ ಘೋಷಣೆಯನ್ನು ದೊಡ್ಡ ನೌಕಾದೇಶಗಳು ಆಗ ಒಪ್ಪಲಿಲ್ಲ. 25 ವರ್ಷಗಳ ವಾದದ ನಂತರ, 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ನಾಲ್ಕನೇ ಭಾಗದಲ್ಲಿ ಅದಕ್ಕೆ ಜಾಗ ಸಿಕ್ಕಿತು. ಹೊರಗಿನ ದ್ವೀಪಗಳ ಹೊರಗಿನ ಬಿಂದುಗಳಿಗೆ ಹಗ್ಗ ಕಟ್ಟಿದಂತೆ ನೇರ ರೇಖೆ ಎಳೆಯಬಹುದು. ಆ ಹಗ್ಗಕ್ಕೂ ಅಳತೆಯಿದೆ. ಒಂದೊಂದು ರೇಖೆ 100 ನಾಟಿಕಲ್ ಮೈಲು ಮೀರಬಾರದು. ಒಟ್ಟು ರೇಖೆಗಳಲ್ಲಿ ನೂರಕ್ಕೆ ಮೂರು ಮಾತ್ರ 125ರವರೆಗೆ ಹೋಗಬಹುದು. ಒಳಗೆ ಸಿಕ್ಕ ನೀರು ನೆಲದ ಒಂದು ಪಟ್ಟಿಗಿಂತ ಕಡಿಮೆಯಿರಬಾರದು, ಒಂಬತ್ತು ಪಟ್ಟಿಗಿಂತ ಹೆಚ್ಚಿರಬಾರದು. ಜತೆಗೆ ಇನ್ನೊಂದು ಷರತ್ತು: ದೇಶ ಪೂರ್ತಿಯಾಗಿ ದ್ವೀಪಗಳದ್ದೇ ಆಗಿರಬೇಕು. ಲಕ್ಷದ್ವೀಪ, ಅಂಡಮಾನ್ ಎರಡೂ ಇದ್ದರೂ ಭಾರತ ದ್ವೀಪಸಮೂಹ ರಾಷ್ಟ್ರ ಆಗದಿರುವುದು ಈ ಷರತ್ತಿನಿಂದ.

ಹಗ್ಗದೊಳಗಿನ ನೀರು ತನ್ನದಾದರೂ ಅದರಲ್ಲಿ ಬೇರೆಯವರ ದಾರಿ ಹಾದುಹೋಗುತ್ತದೆ. ನಮ್ಮ ಊರಿನ ಕಡೆ ಕೆಲವು ಮನೆಗಳ ಅಂಗಳದಲ್ಲೇ ಊರವರ ಕಾಲುದಾರಿ ಇರುವುದಿಲ್ಲವೇ, ಹಾಗೆ. ಅಂಗಳ ಮನೆಯವರದು, ನಡೆಯುವ ಹಕ್ಕು ಎಲ್ಲರದು. ಇಂಡೋನೇಷ್ಯಾ ಉತ್ತರ–ದಕ್ಷಿಣವಾಗಿ ಇಂಥ ಮೂರು ಸಮುದ್ರಮಾರ್ಗಗಳನ್ನು ಗುರುತಿಸಿದೆ. ಫಿಲಿಪ್ಪೀನ್ಸ್ 2009ರಲ್ಲಿ ಆಧಾರರೇಖೆಗಳ ಕಾನೂನನ್ನೂ, 2024ರ ನವೆಂಬರಿನಲ್ಲಿ ಕಡಲ ವಲಯಗಳ ಮತ್ತು ಸಮುದ್ರಮಾರ್ಗಗಳ ಎರಡು ಕಾನೂನುಗಳನ್ನೂ ಮಾಡಿತು. ಗುರುತಿಸಿದ ಮಾರ್ಗದಲ್ಲಿ ಹೋಗುವ ಹಡಗು ನಡುರೇಖೆಯಿಂದ 25 ನಾಟಿಕಲ್ ಮೈಲಿಗಿಂತ ಆಚೀಚೆ ಸರಿಯಬಾರದು. ಆದರೆ ಅಲ್ಲಿ ಯುದ್ಧನೌಕೆ ಹೋಗಬಹುದು, ವಿಮಾನ ಹಾರಬಹುದು, ಜಲಾಂತರ್ಗಾಮಿ ಮುಳುಗಿಕೊಂಡೇ ಹೋಗಬಹುದು. ಮಾರ್ಗದ ಹೊರಗೆ ಅದೇ ಜಲಾಂತರ್ಗಾಮಿ ಮೇಲೆದ್ದು ಧ್ವಜ ತೋರಿಸಿಕೊಂಡು ಹೋಗಬೇಕು. ಯಾರು ದಾರಿಯಲ್ಲಿದ್ದಾರೆ, ಯಾರು ದಾರಿ ಬಿಟ್ಟು ಅಂಗಳಕ್ಕೆ ಇಳಿದಿದ್ದಾರೆ ಎಂದು ಹೇಳಬೇಕಾದರೆ ಮನೆಯವನು ಜಗಲಿಯಲ್ಲಿ ಇರಬೇಕು. ಕಾನೂನು ಬರೆದ ದಿನವೇ ಕಾವಲಿನ ಖರ್ಚೂ ಹುಟ್ಟಿಕೊಳ್ಳುತ್ತದೆ.

ಈ ಕಾವಲಿಗೆ ಬೂದು ಬಣ್ಣದ ಹಡಗು ಬೇಕೋ ಬಿಳಿ ಬಣ್ಣದ್ದೋ ಎಂಬುದು ಹಣದ ಪ್ರಶ್ನೆಗಿಂತ ಮೊದಲು ಬರುತ್ತದೆ. ಬೂದು ನೌಕಾಪಡೆಯದು, ಬಿಳಿ ಕೋಸ್ಟ್ ಗಾರ್ಡಿನದು. ಪಣಂಬೂರಿನಲ್ಲಿ ಎರಡನ್ನೂ ನೋಡಬಹುದು. ಕರ್ನಾಟಕದ ಕೋಸ್ಟ್ ಗಾರ್ಡ್ ಜಿಲ್ಲಾ ಕೇಂದ್ರ ಇರುವುದೂ ಅಲ್ಲೇ. ಜೀವ ಉಳಿಸುವಾಗ ಬಣ್ಣಕ್ಕೆ ಅರ್ಥವಿಲ್ಲ. 2025ರ ಜೂನ್ 9ರಂದು ಕೇರಳದ ಕಡಲಲ್ಲಿ ಬೆಂಕಿಗೆ ಸಿಕ್ಕಿದ ವಾನ್ ಹಾಯ್ 503 ಎಂಬ ಕಂಟೇನರ್ ಹಡಗಿನ 22 ಮಂದಿಯಲ್ಲಿ ಬದುಕುಳಿದ 18 ಮಂದಿಯನ್ನು ಪಣಂಬೂರಿಗೆ ತಂದದ್ದು ನೌಕಾಪಡೆಯ ಐಎನ್‌ಎಸ್ ಸೂರತ್. ಬೆಂಕಿಯೊಡನೆ ಹೋರಾಡಿದ್ದು ಕೋಸ್ಟ್ ಗಾರ್ಡ್ ಹಡಗುಗಳು. ಆದರೆ ಎದುರಿಗೆ ಇನ್ನೊಂದು ದೇಶದ ಹಡಗು ಬಂದು ನಿಂತಾಗ ಬಣ್ಣವೇ ಮಾತನಾಡುತ್ತದೆ.

ಫಿಲಿಪ್ಪೀನ್ಸ್ ಇದನ್ನು 2012ರ ಏಪ್ರಿಲಿನಲ್ಲಿ ಕಲಿಯಿತು. ಲುಜಾನ್ ದ್ವೀಪದಿಂದ ಸುಮಾರು 120 ನಾಟಿಕಲ್ ಮೈಲು ದೂರದ, ಚೀನಾವೂ ತನ್ನದೆನ್ನುವ ಸ್ಕಾರ್‌ಬರೋ ದಿಬ್ಬದಲ್ಲಿ ಚೀನಾದ ಮೀನುಗಾರಿಕಾ ದೋಣಿಗಳು ಹವಳ, ದೈತ್ಯ ಚಿಪ್ಪು, ಜೀವಂತ ಶಾರ್ಕ್ ತುಂಬಿಕೊಂಡದ್ದು ಕಂಡಿತು. ತಪಾಸಣೆಗೆ ಹೋದದ್ದು ನೌಕಾಪಡೆಯ ಅತಿ ದೊಡ್ಡ ಯುದ್ಧನೌಕೆ, ಗ್ರೆಗೋರಿಯೋ ಡೆಲ್ ಪಿಲಾರ್. ಅದಕ್ಕೆ ಅಡ್ಡ ಬಂದದ್ದು ಬಂದೂಕಿಲ್ಲದ ಚೀನೀ ಕಡಲ ನಿಗಾ ಹಡಗುಗಳು. ಮೀನು ಕಳ್ಳರನ್ನು ಹಿಡಿಯಲು ಹೋದವರೇ ಯುದ್ಧನೌಕೆ ತಂದವರೆಂಬ ಆರೋಪಕ್ಕೆ ಗುರಿಯಾದರು. ಬೂದು ಹಡಗನ್ನು ಹಿಂದೆ ಕರೆಸಿ ಕೋಸ್ಟ್ ಗಾರ್ಡ್ ಹಡಗನ್ನು ಕಳುಹಿಸಬೇಕಾಯಿತು. ಎರಡು ತಿಂಗಳ ಎದುರುಬದುರು ನಿಲುವಿನ ಕೊನೆಗೆ ಫಿಲಿಪ್ಪೀನ್ಸ್ ಹಿಂದೆ ಸರಿಯಿತು, ದಿಬ್ಬ ಚೀನಾದ ಹಿಡಿತದಲ್ಲೇ ಉಳಿಯಿತು. 2016ರ ಜುಲೈ 12ರ ಅಂತರರಾಷ್ಟ್ರೀಯ ತೀರ್ಪು ಫಿಲಿಪ್ಪೀನ್ಸ್ ಪರವಾಗಿ ಬಂದರೂ ನೀರಿನ ಮೇಲಿನ ಸ್ಥಿತಿ ಬದಲಾಗಲಿಲ್ಲ. ಅಂದು ಬೇಕಾಗಿದ್ದದ್ದು ಫಿರಂಗಿಯಲ್ಲ. ತಿಂಗಳುಗಟ್ಟಲೆ ಸರದಿಯಲ್ಲಿ ನಿಲ್ಲಬಲ್ಲ ನಾಲ್ಕು ಬಿಳಿ ಹಡಗು.

ಆ ನಾಲ್ಕು ಎಂಬ ಸಂಖ್ಯೆ ಎಲ್ಲಿಂದ ಬಂತು? ಲೆಕ್ಕ ಹಾಕೋಣ.

ಕಾಯಬೇಕಾದ ಜಾಗ ಬಂದರಿನಿಂದ 250 ನಾಟಿಕಲ್ ಮೈಲು ದೂರ ಇದೆಯೆನ್ನಿ. ಮಿತವ್ಯಯದ 12 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 12 ನಾಟಿಕಲ್ ಮೈಲಿನಂತೆ, ಹೋಗಲು 21 ಗಂಟೆ. ಹೋಗಲೊಂದು ದಿನ, ಬರಲೊಂದು ದಿನ. ಟ್ಯಾಂಕಿನಲ್ಲಿ ಐದರಲ್ಲೊಂದು ಪಾಲು ಇಂಧನವನ್ನು ಮುಟ್ಟದೆ ಉಳಿಸಿಕೊಳ್ಳಬೇಕು, ಏಕೆಂದರೆ ಮರಳುವ ದಿನವೇ ಚಂಡಮಾರುತ ಏಳಬಹುದು, ಯಾರದೋ ದೋಣಿ ಎಳೆದು ತರಬೇಕಾಗಬಹುದು. ಹೀಗೆ ಒಂದು ಸುತ್ತು 14 ದಿನ, ಅದರಲ್ಲಿ ಕಾವಲಿಗೆ ಸಿಗುವುದು 12. ವರ್ಷದಲ್ಲಿ ಸುಮಾರು 60 ದಿನ ಡಾಕ್ ಮತ್ತು ದೊಡ್ಡ ದುರಸ್ತಿಗೆ ಹೋಗುತ್ತದೆ. ಉಳಿದ ದಿನಗಳಲ್ಲಿ ತರಬೇತಿ, ರಜೆ, ಸಣ್ಣ ರಿಪೇರಿ, ಸಾಮಾನು ತುಂಬುವುದು ಕಳೆದರೆ ಸುಮಾರು 150 ದಿನ ಕಡಲಲ್ಲಿರಬಹುದು. ಅಂದರೆ 14 ದಿನದ 10 ಸುತ್ತು, ಕಾವಲಿನ ದಿನ 120. ವರ್ಷದ 365 ದಿನ ಒಂದು ಹಡಗು ಅಲ್ಲೇ ಇರಬೇಕಾದರೆ ಕನಿಷ್ಠ ಮೂರು ಬೇಕು, ಯಾವುದೂ ಕೆಡದಿದ್ದರೆ. ಕೆಡದ ಹಡಗಿಲ್ಲ, ಆದ್ದರಿಂದ ನಾಲ್ಕು.

ದೂರವನ್ನು 500 ಮೈಲಿಗೆ ಏರಿಸಿ. ದಾರಿಗೇ ನಾಲ್ಕು ದಿನ ಹೋಗಿ ಸುತ್ತಿಗೆ 10 ದಿನ ಉಳಿಯುತ್ತದೆ. ನಾಲ್ಕು ಹಡಗೂ ಸಾಲದು, ಐದನೆಯದು ಬೇಕು. 60 ಮೈಲಿಗೆ ಇಳಿಸಿ, ಅಂದರೆ ದೂರದ ದ್ವೀಪವೊಂದರಲ್ಲಿ ಜೆಟ್ಟಿ, ಡೀಸೆಲ್ ಟ್ಯಾಂಕು, ನೀರಿನ ಸಂಪರ್ಕ ಮಾಡಿ: ಹೋಗುವುದು ಐದು ಗಂಟೆ, ಸುತ್ತಿನಲ್ಲಿ ಹದಿಮೂರೂವರೆ ದಿನ ಕಾವಲು. ಅದೇ ಹಡಗುಗಳು ಹೆಚ್ಚು ಕಡಲು ಕಾಯುತ್ತವೆ. ದೂರದ ದ್ವೀಪದಲ್ಲಿ ಕಟ್ಟಿದ ಒಂದು ಒಳ್ಳೆಯ ಜೆಟ್ಟಿಯಿಂದ ಅರ್ಧ ಹಡಗು ಕೊಂಡಷ್ಟೇ ಲಾಭ, ಖರ್ಚು ಅದರ ಒಂದು ಪಾಲು. ಆದರೂ ಜೆಟ್ಟಿಯ ಉದ್ಘಾಟನೆ ಹಡಗಿನ ಉದ್ಘಾಟನೆಯಷ್ಟು ಸುದ್ದಿಯಾಗುವುದಿಲ್ಲ, ಬಜೆಟ್ಟಿನಲ್ಲಿ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಳಿವೆಯಲ್ಲಿ ಹೂಳು ತುಂಬಿದರೆ ಎಂಥ ಬೋಟಿದ್ದೂ ಭರತಕ್ಕೆ ಕಾಯುತ್ತ ಹೊರಗೇ ನಿಲ್ಲಬೇಕು.

ದೂರದ ಸಮಸ್ಯೆಯನ್ನು ವೇಗದಿಂದ ಬಗೆಹರಿಸಬಹುದಲ್ಲ ಎಂದು ಕೇಳುವವರಿದ್ದಾರೆ. ನೀರು ಅದಕ್ಕೆ ಒಪ್ಪುವುದಿಲ್ಲ. ನೀರನ್ನು ಸೀಳಿಕೊಂಡು ಹೋಗುವ ಹಡಗಿನ ವೇಗ ಇಮ್ಮಡಿಯಾದರೆ ಬೇಕಾದ ಶಕ್ತಿ ಸುಮಾರು ಎಂಟು ಪಟ್ಟು. ಗಂಟೆಗೆ ಎಂಟು ಪಟ್ಟು ಡೀಸೆಲ್, ಅರ್ಧ ಸಮಯದಲ್ಲಿ ತಲುಪುವುದರಿಂದ ಮೈಲಿಗೆ ನಾಲ್ಕು ಪಟ್ಟು. 12 ನಾಟ್‌ನಲ್ಲಿ 4,000 ಮೈಲು ಹೋಗುವ ಹಡಗು 24 ನಾಟ್‌ನಲ್ಲಿ 1,000 ಮೈಲಿಗೆ ಖಾಲಿ. ಇದಲ್ಲದೆ ಉದ್ದ ಹಾಕುವ ಮಿತಿಯೊಂದಿದೆ. ನೀರಿನ ಮಟ್ಟದಲ್ಲಿ ಹಡಗಿನ ಉದ್ದ ಎಷ್ಟು ಮೀಟರೋ ಅದರ ವರ್ಗಮೂಲವನ್ನು 2.43ರಿಂದ ಗುಣಿಸಿ, ಅದು ಆ ಹಡಗು ಸಲೀಸಾಗಿ ಮುಟ್ಟುವ ಗರಿಷ್ಠ ನಾಟ್. 20 ಮೀಟರಿನ ಟ್ರಾಲ್ ಬೋಟಿಗೆ ಸುಮಾರು 11, 90 ಮೀಟರಿನ ಗಸ್ತು ಹಡಗಿಗೆ 23. ಅದಕ್ಕಿಂತ ಮೇಲೆ ಹೋಗಲು ಹಡಗು ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕು. ಹಾಕಿದ ಎಚ್‌ಪಿಯೆಲ್ಲ ಬಿಳಿ ನೊರೆಯಾಗುತ್ತದೆ. ಮೀನು ಬೋಟಿಗೆ ದುಪ್ಪಟ್ಟು ಎಂಜಿನ್ ಹಾಕಿಸಿದವರು ಡೀಸೆಲ್ ಬಿಲ್ಲಿನಲ್ಲಿ ಇದನ್ನು ಕಂಡಿರುತ್ತಾರೆ.

ವಾಟರ್‌ಜೆಟ್ ಇಂಟರ್‌ಸೆಪ್ಟರ್ ಬೋಟುಗಳ ಕಥೆ ಬೇರೆ. ಅವು ನೀರನ್ನು ಸೀಳುವುದಿಲ್ಲ, ಮೇಲೆ ಜಾರುತ್ತವೆ. ಭಾರತದ ಕೋಸ್ಟ್ ಗಾರ್ಡಿಗೆ ಎಲ್ ಅಂಡ್ ಟಿ ಕಟ್ಟಿಕೊಟ್ಟ ಸುಮಾರು 28 ಮೀಟರಿನ ಅಂಥ ಬೋಟುಗಳು 45 ನಾಟ್‌ವರೆಗೆ ಓಡುತ್ತವೆ. ದಡದ ಹತ್ತಿರ ಬೆನ್ನಟ್ಟಲು ಅವಕ್ಕೆ ಸಮನಿಲ್ಲ. ಆದರೆ ಹಗುರ ಬೋಟು ಎರಡೂವರೆ–ಮೂರು ಮೀಟರಿನ ಅಲೆಯಲ್ಲಿ ಕುಪ್ಪಳಿಸತೊಡಗಿದರೆ ಸಿಬ್ಬಂದಿಯ ಬೆನ್ನುಮೂಳೆ ತಾಳುವುದಿಲ್ಲ, ವೇಗ ಇಳಿಸಲೇಬೇಕು. ಜೆಟ್ಟಿನ ಬಾಯಿಗೆ ಪ್ಲಾಸ್ಟಿಕ್, ಹರಿದ ಬಲೆ ಎಳೆದುಕೊಂಡರೆ ಎಂಜಿನ್ ಓಡುತ್ತಿದ್ದರೂ ಬೋಟು ಹೋಗುವುದಿಲ್ಲ. ಫಿಲಿಪ್ಪೀನ್ಸ್ ಸುತ್ತಿನ ಕಡಲಿಗೆ ವರ್ಷಕ್ಕೆ ಸುಮಾರು 20 ಚಂಡಮಾರುತಗಳು ಬರುತ್ತವೆ. ನಮ್ಮಲ್ಲಿ ಜೂನ್–ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ರಜೆಯಿದೆ. ಗಸ್ತು ಹಡಗಿಗೆ ಅಂಥ ರಜೆಯಿಲ್ಲ.

ಎಂಜಿನ್ನಿನ ಇನ್ನೊಂದು ತೊಂದರೆ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಕಾವಲು ಅಂದರೆ ಹೆಚ್ಚಿನ ಹೊತ್ತು ಐದಾರು ನಾಟ್‌ನಲ್ಲಿ ತೆವಳುವುದು. ವೇಗಕ್ಕಾಗಿ ಕೂರಿಸಿದ ದೊಡ್ಡ ಡೀಸೆಲ್ ಎಂಜಿನ್ ದಿನಗಟ್ಟಲೆ ಕಾಲು ಭಾಗದ ಲೋಡಿಗಿಂತಲೂ ಕೆಳಗೆ ಓಡಿದರೆ ಒಳಗೆ ಬಿಸಿ ಸಾಲದೆ ಇಂಧನ ಪೂರ್ತಿ ಉರಿಯುವುದಿಲ್ಲ. ಇಂಜೆಕ್ಟರ್ ತುದಿಗೆ, ಟರ್ಬೋಗೆ, ಹೊಗೆಕೊಳವೆಗೆ ಜಿಡ್ಡು ಮಸಿ ಕಟ್ಟುತ್ತದೆ. ಆಗಾಗ ಒಂದು ಗಂಟೆ ಮುಕ್ಕಾಲು ಲೋಡಿನಲ್ಲಿ ಓಡಿಸಿ ಮಸಿ ಸುಡಬೇಕು. ಅದನ್ನು ಬಿಟ್ಟ ಹಡಗು, ಬೆನ್ನಟ್ಟಬೇಕಾದ ದಿನ ಕಪ್ಪು ಹೊಗೆ ಉಗುಳುತ್ತ ಅರ್ಧ ವೇಗಕ್ಕೇ ನಿಲ್ಲುತ್ತದೆ. ಹೊಸ ಗಸ್ತು ಹಡಗುಗಳಲ್ಲಿ ನಿಧಾನ ಓಡಾಟಕ್ಕೆಂದೇ ಬೇರೆ ಸಣ್ಣ ವಿದ್ಯುತ್ ಮೋಟಾರು ಇಡುವುದು ಇದಕ್ಕಾಗಿ.

ಎಂಜಿನ್ನಿಗಿಂತ ಮೊದಲು ಸೋಲುವುದು ಕೆಲವೊಮ್ಮೆ ನೀರು. 60 ಮಂದಿಯ ಹಡಗಿನಲ್ಲಿ ಸ್ನಾನ, ಅಡುಗೆ, ಬಟ್ಟೆ ಎಲ್ಲ ಸೇರಿ ತಲೆಗೆ 120 ಲೀಟರ್ ಹಿಡಿದರೂ ದಿನಕ್ಕೆ 7,200 ಲೀಟರ್. ತಿಂಗಳಿಗೆ 216 ಟನ್. ಅಷ್ಟನ್ನು ಹೊತ್ತುಕೊಂಡು ಹೋಗಲಾಗದು, ಉಪ್ಪುನೀರಿನಿಂದ ಆರ್‌ಒ ಯಂತ್ರದಲ್ಲಿ ತಯಾರಿಸಬೇಕು. ಮನೆಯ ಆರ್‌ಒ ಕೆಡುವ ಹಾಗೆಯೇ ಇದೂ ಕೆಡುತ್ತದೆ. ಬಂದರಿನ ಕೆಸರು ನೀರಲ್ಲಿ ಓಡಿಸಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಎಣ್ಣೆಯ ಪದರ ಎಳೆದುಕೊಂಡರೆ ಅಥವಾ ಕ್ಲೋರಿನ್ ತಾಗಿದರೆ ಪೊರೆಯೇ ಹಾಳು, ಒತ್ತಡದ ಪಂಪಿನ ಸೀಲು ಹೋದರೆ ಎಲ್ಲವೂ ನಿಂತಿತು.

2024ರ ಏಪ್ರಿಲಿನಲ್ಲಿ ಫಿಲಿಪ್ಪೀನ್ಸ್ ಕೋಸ್ಟ್ ಗಾರ್ಡಿನ ತೆರೇಸಾ ಮಗ್‌ಬಾನುವಾ, ಚೀನಾವೂ ತನ್ನದೆನ್ನುವ ಸಬೀನಾ ದಿಬ್ಬದಲ್ಲಿ ಲಂಗರು ಹಾಕಿತು. 97 ಮೀಟರಿನ, ಜಪಾನಿನಲ್ಲಿ ಕಟ್ಟಿದ, ಎರಡೇ ವರ್ಷ ಹಳೆಯ ಹಡಗು. ಅದಕ್ಕೆ ಸಾಮಾನು ತಲುಪಿಸಲು ಬಂದವರಿಗೆ ಚೀನೀ ಹಡಗುಗಳು ದಾರಿ ಬಿಡಲಿಲ್ಲ. ಆಗಸ್ಟ್ 31ರಂದು ಡಿಕ್ಕಿಯಾಗಿ ಹಡಗಿಗೆ ಹಾನಿಯಾಯಿತು. ಸಿಹಿನೀರಿನ ಯಂತ್ರ ಕೆಟ್ಟಿತು. ನಾವಿಕರು ಮಳೆನೀರನ್ನೂ ಏಸಿಯಿಂದ ತೊಟ್ಟಿಕ್ಕುವ ನೀರನ್ನೂ ಹಿಡಿದು ಕುಡಿದರು, ವಾರಗಟ್ಟಲೆ ಗಂಜಿಯಲ್ಲೇ ದಿನ ದೂಡಿದರು. ಸೆಪ್ಟೆಂಬರ್ 15ರಂದು ಹಡಗು ಪಲಾವಾನ್ ದ್ವೀಪಕ್ಕೆ ಮರಳಿದಾಗ ನಾಲ್ವರನ್ನು ಸ್ಟ್ರೆಚರ್ ಮೇಲೆ ಇಳಿಸಿದರು. ಆ ನಾವಿಕರ ಛಲಕ್ಕೆ ಕೈಮುಗಿಯಬೇಕು. ಆದರೆ ಐದು ತಿಂಗಳು ಒಂದೇ ಹಡಗು ನಿಂತದ್ದು ಬದಲಿ ಕಳುಹಿಸುವ ಸರದಿ ಗಟ್ಟಿಯಾಗಿರಲಿಲ್ಲ ಎಂಬುದರ ಗುರುತು. ಬಂದೂಕಿನ ಒಂದು ಗುಂಡೂ ಹಾರಲಿಲ್ಲ. ಅನ್ನ, ನೀರು ಮುಗಿದವು.

ಅಲ್ಲಿನ ಕಾದಾಟದ ಆಯುಧವೂ ನೀರೇ. ಬೆಂಕಿ ನಂದಿಸುವ ಹಡಗುಗಳ ಮೊದಲ ದರ್ಜೆಗೆ ಎರಡು ಜಲಫಿರಂಗಿ ಬೇಕು, ಒಂದೊಂದೂ ಗಂಟೆಗೆ 1,200 ಘನಮೀಟರ್ ನೀರನ್ನು 120 ಮೀಟರ್ ದೂರ ಚಿಮ್ಮಬೇಕು. ಬೇಸಿಗೆಯಲ್ಲಿ ಮಂಗಳೂರಿನ ಫ್ಲ್ಯಾಟುಗಳಿಗೆ ಬರುವ 6,000 ಲೀಟರಿನ ಟ್ಯಾಂಕರ್ ಹದಿನೆಂಟೇ ಸೆಕೆಂಡಿನಲ್ಲಿ ಖಾಲಿಯಾದ ಹಾಗೆ. ಅದು ಹತ್ತಿರದಿಂದ ಬಡಿದರೆ ಗಾಜು ಒಡೆಯುತ್ತದೆ, ಆಂಟೆನಾ ಮುರಿಯುತ್ತದೆ. 2024ರ ಮಾರ್ಚ್ 5ರಂದು ಚೀನೀ ಹಡಗುಗಳ ಜಲಫಿರಂಗಿಗೆ ಫಿಲಿಪ್ಪೀನ್ಸ್‌ನ ಪೂರೈಕೆ ದೋಣಿಯೊಂದರ ಗಾಜು ಒಡೆದು ನಾಲ್ವರಿಗೆ ಗಾಯವಾದದ್ದು ಹೀಗೆ. ಇಂಥ ಕಡೆ ತೆಳು ತಗಡಿನ, ಮೈತುಂಬ ಸೂಕ್ಷ್ಮ ಉಪಕರಣ ಹೊತ್ತ ದುಬಾರಿ ಯುದ್ಧನೌಕೆಯನ್ನು ಒಯ್ಯುವುದು ಜಾಣತನವಲ್ಲ. ದಪ್ಪ ಉಕ್ಕಿನ, ವಾಣಿಜ್ಯ ಹಡಗಿನ ಮಾದರಿಯ, ಮಾರುಕಟ್ಟೆಯಲ್ಲಿ ಸಿಗುವ ಎಂಜಿನ್ನಿನ ಬಿಳಿ ಹಡಗು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಕಾಣುವ ದೂರಕ್ಕೂ ಒಂದು ಲೆಕ್ಕವಿದೆ. ಭೂಮಿ ಗುಂಡಗಿರುವುದರಿಂದ ಹಡಗಿನ ರಾಡಾರ್ ಎಷ್ಟು ಬಲಶಾಲಿಯಾದರೂ ದಿಗಂತದ ಆಚೆ ನೋಡದು. ಆಂಟೆನಾದ ಎತ್ತರದ ವರ್ಗಮೂಲ, ಗುರಿಯ ಎತ್ತರದ ವರ್ಗಮೂಲ, ಎರಡನ್ನೂ ಕೂಡಿಸಿ 2.2ರಿಂದ ಗುಣಿಸಿದರೆ ನಾಟಿಕಲ್ ಮೈಲಿನಲ್ಲಿ ದೂರ ಸಿಗುತ್ತದೆ. 16 ಮೀಟರ್ ಎತ್ತರದ ಆಂಟೆನಾ, 4 ಮೀಟರ್ ಎತ್ತರದ ಮೀನು ದೋಣಿ: ನಾಲ್ಕು ಮತ್ತು ಎರಡು ಆರು, ಒಟ್ಟು 13 ಮೈಲು. ಹಡಗಿನ ಉದ್ದ 100 ಮೀಟರ್ ಇದ್ದರೂ ಆ ಆಂಟೆನಾಗೆ ಅದಕ್ಕಿಂತ ದೂರ ಕಾಣದು. ಅದೇ ಹಡಗಿನಿಂದ ಹೆಲಿಕಾಪ್ಟರ್ 400 ಮೀಟರ್ ಮೇಲೇರಿದರೆ 48 ಮೈಲು. ಕಾಣುವ ವಿಸ್ತೀರ್ಣ ಹದಿಮೂರು ಪಟ್ಟು. ಹೆಲಿಕಾಪ್ಟರಿಗೆ ಡೆಕ್ಕಿದ್ದೂ ಹ್ಯಾಂಗರ್ ಇಲ್ಲದ ಹಡಗು ಕೊಂಡರೆ ಉಪ್ಪುಗಾಳಿಗೆ ಹೆಲಿಕಾಪ್ಟರ್ ಕೆಲವೇ ದಿನಗಳಲ್ಲಿ ಮೂಲೆ ಸೇರುತ್ತದೆ.

ದೊಡ್ಡ ಹಡಗುಗಳು ಎಐಎಸ್ ಎಂಬ ರೇಡಿಯೋ ಸಾಧನದ ಮೂಲಕ ತಾವೆಲ್ಲಿದ್ದೇವೆಂದು ತಾವೇ ಕೂಗಿ ಹೇಳುತ್ತವೆ. ತಪ್ಪು ಮಾಡಲು ಬಂದವನು ಅದನ್ನು ಆರಿಸಿರುತ್ತಾನೆ. ಹಾಗೆ ಕತ್ತಲಾದ ಹಡಗುಗಳನ್ನು ಉಪಗ್ರಹದಿಂದ ಪತ್ತೆ ಮಾಡುವ ವ್ಯವಸ್ಥೆಯನ್ನು ಕೆನಡಾ ಫಿಲಿಪ್ಪೀನ್ಸ್ ಜತೆ ಹಂಚಿಕೊಳ್ಳುತ್ತಿದೆ. ಎಲ್ಲಕ್ಕಿಂತ ಅಗ್ಗದ ಕಣ್ಣು ಮೀನುಗಾರರದು. ನಮ್ಮಲ್ಲಿ ಮುಂಬೈ ದಾಳಿಯ ನಂತರ ಕರಾವಳಿ ಕಾವಲು ಪೊಲೀಸರೂ ಕೋಸ್ಟ್ ಗಾರ್ಡಿನವರೂ ಮೀನುಗಾರರ ಸಭೆ ಕರೆದು ಸಂಪರ್ಕ ಸಂಖ್ಯೆ ಕೊಡುವ ರೂಢಿ ಬಂದದ್ದು ಇದನ್ನು ಅರಿತೇ. ಫಿಲಿಪ್ಪೀನ್ಸ್ ಒಂದು ಹೆಜ್ಜೆ ಮುಂದೆ ಹೋಗಿ ದೂರದ ದಿಬ್ಬಗಳ ಬಳಿ ದುಡಿಯುವ ತನ್ನ ಮೀನುಗಾರರಿಗೆ ಸರ್ಕಾರಿ ಹಡಗಿನಲ್ಲೇ ಡೀಸೆಲ್ ಒಯ್ದು ಕೊಡುತ್ತದೆ. ದೋಣಿ ಅಲ್ಲಿ ಹೆಚ್ಚು ದಿನ ನಿಂತಷ್ಟೂ ಆ ನೀರು ತಮ್ಮದೆಂಬ ಮಾತು ಗಟ್ಟಿಯಾಗುತ್ತದೆ.

ಇನ್ನು ಹಡಗು ತರುವುದು ಎಲ್ಲಿಂದ? ಹಳೆಯದು ಅಗ್ಗಕ್ಕೆ ಸಿಕ್ಕಾಗ ಕೈ ತಡೆಯುವುದು ಕಷ್ಟ. ಜರ್ಮನಿ ಒಂದಾದ ಮೇಲೆ ಪೂರ್ವ ಜರ್ಮನಿಯ 39 ಹಡಗುಗಳನ್ನು ಇಂಡೋನೇಷ್ಯಾ ಒಟ್ಟಿಗೆ ಕೊಂಡಿತು: 16 ಕಾರ್ವೆಟ್ (ಸಣ್ಣ ಯುದ್ಧನೌಕೆ), 14 ಪಡೆ ಇಳಿಸುವ ಹಡಗು, 9 ಕಡಲಲ್ಲಿ ಹುದುಗಿಸಿದ ಸಿಡಿಗುಂಡು (ಮೈನ್) ತೆಗೆಯುವವು. ಬಾಲ್ಟಿಕ್‌ನ ತಣ್ಣನೆಯ, ಕಿರಿದಾದ ಕಡಲಿಗೆ ಕಟ್ಟಿದ ಹಡಗುಗಳು. ಭೂಮಧ್ಯರೇಖೆಯ ಸೆಕೆಗೆ ಏಸಿ ಹಾಕಬೇಕು, ದೂರದ ಓಟಕ್ಕೆ ಟ್ಯಾಂಕು ಹೆಚ್ಚಿಸಬೇಕು, ಬಿಡಿಭಾಗ ಮಾಡುತ್ತಿದ್ದ ದೇಶವೇ ನಕ್ಷೆಯಲ್ಲಿಲ್ಲದ್ದರಿಂದ ಎಂಜಿನ್‌ಗಳನ್ನೂ ಬದಲಿಸುತ್ತ ಹೋಗಬೇಕು. ಕೊಂಡ ಬೆಲೆಗಿಂತ ಸರಿಮಾಡಿಸುವ ಬೆಲೆ ಬಹಳ ಹೆಚ್ಚು. ಆ ಖರ್ಚಿನ ಜಗಳವನ್ನು ಬರೆದ ‘ಟೆಂಪೋ’ ವಾರಪತ್ರಿಕೆಯನ್ನು 1994ರ ಜೂನಿನಲ್ಲಿ ಸರ್ಕಾರ ಮುಚ್ಚಿಸಿತು.

ಫಿಲಿಪ್ಪೀನ್ಸ್ 2011ರಿಂದ 2016ರ ನಡುವೆ ಅಮೆರಿಕದ ಕೋಸ್ಟ್ ಗಾರ್ಡಿನಿಂದ 1960ರ ದಶಕದ, 115 ಮೀಟರಿನ ಮೂರು ಹಡಗು ಪಡೆಯಿತು. ಸ್ಕಾರ್‌ಬರೋಗೆ ಹೋದದ್ದು ಅವುಗಳಲ್ಲಿ ಮೊದಲನೆಯದು. 2018ರ ಆಗಸ್ಟಿನಲ್ಲಿ ಅದೇ ಹಡಗು ಹಾಫ್ ಮೂನ್ ದಿಬ್ಬಕ್ಕೆ ತಾಗಿ ಫ್ಯಾನು (ಪ್ರೊಪೆಲ್ಲರ್) ಕಳೆದುಕೊಂಡಿತು. ಎರಡನೆಯದಾದ ರಮೋನ್ ಅಲ್ಕರಾಸ್ 2020ರ ಮೇ ತಿಂಗಳಲ್ಲಿ ನಮ್ಮದೇ ಅರಬ್ಬಿ ಸಮುದ್ರದಲ್ಲಿತ್ತು. ಕೋವಿಡ್ ಕಾಲದ ಮಾಸ್ಕುಗಳನ್ನು ಕೊಚ್ಚಿಯಲ್ಲಿ ತುಂಬಿಕೊಂಡು ಹೊರಟ ರಾತ್ರಿ ಎಂಜಿನ್ ಕೋಣೆಗೆ ಬೆಂಕಿ ಬಿದ್ದು ಇಬ್ಬರಿಗೆ ಸುಟ್ಟ ಗಾಯವಾಯಿತು, ಹಡಗು ಮತ್ತೆ ಕೊಚ್ಚಿಗೇ ಬಂತು. ಆದರೂ ಹಳೆ ಹಡಗನ್ನು ಪೂರ್ತಿ ತೆಗಳಲಾಗದು. ತಿಂಗಳುಗಟ್ಟಲೆ ದೂರದ ಕಡಲಲ್ಲಿ ಬದುಕುವುದನ್ನು ಅಲ್ಲಿನ ನೌಕಾಪಡೆ ಕಲಿತದ್ದು ಇವುಗಳ ಮೇಲೇ. ಕಲಿಯಲು ಹಳೆಯದು ಸಾಕು, ಕಾಯಲು ಸಾಲದು.

ಹೊಸದರಲ್ಲಿ ಅಲ್ಲಿನ ಕೋಸ್ಟ್ ಗಾರ್ಡ್ ಮಾಡಿದ ಒಳ್ಳೆಯ ಕೆಲಸ ಒಂದೇ ಮಾದರಿಯ ಹತ್ತು ಹಡಗು ತರಿಸಿದ್ದು. ಜಪಾನಿನ ಸಾಲದಲ್ಲಿ 44 ಮೀಟರಿನ ಹತ್ತು ಹಡಗುಗಳು 2016ರಿಂದ 2018ರೊಳಗೆ ಬಂದವು. ಹತ್ತಕ್ಕೂ ಒಂದೇ ಎಂಜಿನ್, ಒಂದೇ ಫಿಲ್ಟರ್, ಒಂದೇ ತರಬೇತಿ. ಒಂದರ ಮೆಕ್ಯಾನಿಕ್ ಇನ್ನೊಂದಕ್ಕೆ ನೇರವಾಗಿ ಹೋಗಿ ಕೆಲಸ ಮಾಡಬಹುದು. ಹತ್ತು ದೇಶಗಳ ಹತ್ತು ಬಗೆಯ ಹಡಗು ಉಡುಗೊರೆಯಾಗಿ ಬಂದರೆ ಹತ್ತು ಗೋದಾಮು ಬೇಕು. ನೌಕಾಪಡೆಗೆ ಕೊರಿಯಾದ ಹ್ಯುಂಡೈ ಕಟ್ಟಿದ ಎರಡು ಫ್ರಿಗೇಟ್ 2020–21ರಲ್ಲಿ ಸೇರಿದವು. 2022ರ ಜನವರಿಯಲ್ಲಿ ಭಾರತದಿಂದ ಸುಮಾರು 37.5 ಕೋಟಿ ಡಾಲರಿಗೆ ಬ್ರಹ್ಮೋಸ್ ಖರೀದಿಯ ಒಪ್ಪಂದವಾಗಿ 2024ರ ಏಪ್ರಿಲಿನಲ್ಲಿ ಮೊದಲ ಕಂತು ತಲುಪಿತು. ದಡದ ಲಾರಿಯಿಂದ 290 ಕಿ.ಮೀ. ಹೊಡೆಯುವ ಕ್ಷಿಪಣಿ ದ್ವೀಪದೇಶಕ್ಕೆ ಒಪ್ಪುವ ಆಯುಧ, ಏಕೆಂದರೆ ಅಲ್ಲಿ ಪ್ರತಿ ದ್ವೀಪವೂ ಮುಳುಗದ ಹಡಗು. ಗುರಿ ಎಲ್ಲಿದೆಯೆಂದು ಹೇಳುವ ಕಣ್ಣಿಲ್ಲದಿದ್ದರೆ ಮಾತ್ರ ಅದು ಕುರುಡು. ಮೀನು ಕದಿಯುವವನ ಮೇಲೆ ಅದನ್ನು ಹಾರಿಸಲೂ ಆಗದು.

ತಾನೇ ಕಟ್ಟಲು ಕಲಿಯುವ ದಾರಿಯನ್ನು ಇಂಡೋನೇಷ್ಯಾದ ಸುರಬಯಾದಲ್ಲಿ ನೋಡಬೇಕು. ಪಡೆ ಸಾಗಿಸುವ ನಾಲ್ಕು ದೊಡ್ಡ ಹಡಗುಗಳಲ್ಲಿ ಮೊದಲ ಎರಡನ್ನು ಕೊರಿಯಾದಲ್ಲಿ ಕಟ್ಟಿಸಿದರು, ಮುಂದಿನ ಎರಡನ್ನು ಪಿಟಿ ಪಾಲ್ ಯಾರ್ಡಿನಲ್ಲಿ ತಾವೇ ಕಟ್ಟಿದರು. ಆಮೇಲೆ ಅದೇ ಯಾರ್ಡು 123 ಮೀಟರಿನ ಎರಡನ್ನು ಫಿಲಿಪ್ಪೀನ್ಸ್‌ಗೆ 2016–17ರಲ್ಲಿ ಮಾರಿತು. ಮಲ್ಪೆಯಲ್ಲೂ ಇಂಥ ಬೆಳವಣಿಗೆ ಕಣ್ಣೆದುರಿಗಿದೆ. 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೈಗೆ ಬಂದ ಇಲ್ಲಿನ ಯಾರ್ಡು ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಹೆಸರಿನಲ್ಲಿ ಟಗ್‌ಗಳನ್ನೂ ನಾರ್ವೆಗೆ 3,800 ಟನ್ನಿನ ಸರಕು ಹಡಗುಗಳನ್ನೂ ಕಟ್ಟುತ್ತಿದೆ. ದ್ವೀಪದೇಶಕ್ಕೆ ಬೇಕಾದ್ದು ಒಂದು ದೈತ್ಯ ಯಾರ್ಡಿಗಿಂತ ಹೆಚ್ಚಾಗಿ ಇಂಥ ಸಣ್ಣ ಯಾರ್ಡುಗಳು, ಸ್ಲಿಪ್‌ವೇ, ವೆಲ್ಡರ್‌ಗಳು, ಸತುವಿನ ಆನೋಡ್ ಬದಲಿಸಿ ಚಿಪ್ಪು ಕೆರೆದು ಬಣ್ಣ ಬಳಿದು ಹತ್ತು ದಿನದಲ್ಲಿ ಹಡಗನ್ನು ನೀರಿಗಿಳಿಸುವ ಕೈಗಳು. ಡಾಕಿನ ಸರದಿಗೆ ಕಾದು ನಿಂತ ಹಡಗು ಕಾಗದದಲ್ಲಿ ಮಾತ್ರ ಲೆಕ್ಕಕ್ಕಿರುತ್ತದೆ.

ಕೊಂಡದ್ದನ್ನು ಯಾರು ನಡೆಸಬೇಕು ಎಂಬುದೂ ಬಗೆಹರಿಯಬೇಕು. ಇಂಡೋನೇಷ್ಯಾದಲ್ಲಿ ನೌಕಾಪಡೆ, 2014ರಲ್ಲಿ ರೂಪುಗೊಂಡ ಬಕಾಮ್ಲಾ ಎಂಬ ಕಡಲ ಭದ್ರತಾ ಸಂಸ್ಥೆ, ಕಡಲ ಪೊಲೀಸ್, ಮೀನುಗಾರಿಕಾ ಇಲಾಖೆ, ಕಸ್ಟಮ್ಸ್, ಸಾರಿಗೆ ಇಲಾಖೆಯ ಪಡೆ, ಎಲ್ಲರಿಗೂ ಹಡಗು ತಡೆಯುವ ಅಧಿಕಾರವಿದೆ. ಒಂದೇ ಸರಕು ಹಡಗನ್ನು ಮೂರು ಕಡೆ ನಿಲ್ಲಿಸುವವರಿರುತ್ತಾರೆ, ಪಕ್ಕದ ಜಲಸಂಧಿಯಲ್ಲಿ ಯಾರೂ ಇರುವುದಿಲ್ಲ. ಫಿಲಿಪ್ಪೀನ್ಸ್ 1998ರಲ್ಲೇ ಕೋಸ್ಟ್ ಗಾರ್ಡನ್ನು ನೌಕಾಪಡೆಯಿಂದ ಬೇರೆ ಮಾಡಿ, 2010ರಲ್ಲಿ ಅದಕ್ಕೆ ಸ್ವಂತ ಕಾನೂನು ಕೊಟ್ಟಿತು. ನಮ್ಮಲ್ಲಿ ದಡದ ಹತ್ತಿರದ ನೀರಿಗೆ ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ಕರಾವಳಿ ಕಾವಲು ಪೊಲೀಸ್, ಅದರಾಚೆ ಕೋಸ್ಟ್ ಗಾರ್ಡ್, ಒಟ್ಟು ಹೊಣೆ ನೌಕಾಪಡೆಯದು ಎಂಬ ಹಂಚಿಕೆ ಇದೆ.

ಕೊನೆಗೆ ಮತ್ತೆ ಜೆಟ್ಟಿಗೇ ಬರಬೇಕಾಗುತ್ತದೆ. ಫಿಲಿಪ್ಪೀನ್ಸ್ ಹಿಡಿತದಲ್ಲಿರುವ ಪಗಾಸಾ ದ್ವೀಪದಲ್ಲಿ ಹಳೆಯ ರನ್‌ವೇ ಇತ್ತು, ಅಂಚುಗಳು ಕಡಲು ಕೊರೆತಕ್ಕೆ ಕುಸಿಯುತ್ತಿದ್ದವು. ದುರಸ್ತಿಗೆ ಬುಲ್‌ಡೋಜರ್, ಸಿಮೆಂಟು, ಜಲ್ಲಿ ಬೇಕು. ಅವನ್ನು ಇಳಿಸಲು ಹಡಗು ದಡಕ್ಕೆ ಬರಬೇಕು, ಆದರೆ ಸುತ್ತ ಹವಳದ ದಿಬ್ಬ, ನೀರು ಆಳವಿಲ್ಲ. ದೊಡ್ಡ ಹಡಗು ದೂರದಲ್ಲೇ ನಿಂತು, ಸಾಮಾನನ್ನು ಸಣ್ಣ ದೋಣಿಗಳಲ್ಲಿ ಒಂದೊಂದೇ ಹೊರೆಯಾಗಿ ಸಾಗಿಸಬೇಕಾಗಿತ್ತು. 2020ರ ಜೂನಿನಲ್ಲಿ ಹಡಗು ನೇರವಾಗಿ ಬಂದು ಬಾಯಿ ತೆರೆಯುವಂಥ ಕಾಂಕ್ರೀಟಿನ ಇಳಿಜಾರು ಸಿದ್ಧವಾಯಿತು. ಭಾರಿ ಯಂತ್ರಗಳು ನೇರವಾಗಿ ಇಳಿಯುವಂತಾದದ್ದು ಅದರ ನಂತರವೇ. 2023ರ ಡಿಸೆಂಬರ್ 1ರಂದು ಅಲ್ಲಿ ಕೋಸ್ಟ್ ಗಾರ್ಡಿನ ಠಾಣೆ ತೆರೆಯಿತು.